ಮಕ್ಕಳ ಜೊತೆ ಯಾವ ಭಾಷೆ?

ಕೇಳುಗರಿಗೆ ನಮಸ್ಕಾರ.

ಇಂಗ್ಲಿಷಿನ ಭವಿಷ್ಯ ಮತ್ತು ಜಗತ್ತಿನ ಭಾಷೆಗಳ ಅವನತಿ ಕುರಿತು ಮಾತಾಡಿ ಎಂದು ಈ ಕಾರ್ಯಕ್ರಮದವರು ಕೇಳಿದ್ದಾರೆ. ಎರಡನ್ನೂ ಒಟ್ಟಿಗೆ ಹೇಳಿದ ಕೂಡಲೇ ಒಂದು ಕಥೆ ತಾನಾಗಿಯೇ ಹುಟ್ಟಿಕೊಳ್ಳುತ್ತದೆ: ಇಂಗ್ಲಿಷ್ ಬಂತು, ಉಳಿದವನ್ನೆಲ್ಲ ನುಂಗಿತು. ಈ ಕಥೆ ಕೇಳಿ ಕೇಳಿ ಸಾಕಾಗಿದೆ. ಮನೆಯಲ್ಲಿ ದೊಡ್ಡವರು ಮಕ್ಕಳ ಜೊತೆ ಒಂದು ಭಾಷೆಯಲ್ಲಿ ಮಾತಾಡುವುದನ್ನು ಬಿಟ್ಟಾಗ ಆ ಭಾಷೆ ಸಾಯುತ್ತದೆ. ಇದೊಂದನ್ನೇ ಹೇಳಲು ಬಂದಿದ್ದೇನೆ. ಮತ್ತೆ ಮತ್ತೆ ಇದನ್ನೇ ಹೇಳುತ್ತೇನೆ, ಬೇಸರಿಸಬೇಡಿ.

ಜಗತ್ತಿನಲ್ಲಿ ಸುಮಾರು 7,000 ಭಾಷೆಗಳಿವೆ. ನೂರಕ್ಕೆ ನಲವತ್ತರಷ್ಟು ಅಪಾಯದಲ್ಲಿವೆ. ಯಾವುದು ಎಷ್ಟು ಅಪಾಯದಲ್ಲಿದೆ ಎಂದು ಅಳೆಯಲು ಯುನೆಸ್ಕೊ ತಜ್ಞರು 2003ರಲ್ಲಿ ಒಂಬತ್ತು ಅಂಶಗಳನ್ನು ಗುರುತಿಸಿದರು. ಭಾಷೆ ಒಂದು ತಲೆಮಾರಿನಿಂದ ಮುಂದಿನದಕ್ಕೆ ದಾಟುತ್ತಿದೆಯೇ ಎಂಬುದು ಪಟ್ಟಿಯಲ್ಲಿ ಮೊದಲನೆಯದು. ಅದಕ್ಕೆ 5ರಿಂದ 0ವರೆಗೆ ಅಂಕ. ಎಳೆಯ ಮಕ್ಕಳಿಂದ ಹಿಡಿದು ಎಲ್ಲರೂ ಆಡುತ್ತಿದ್ದರೆ 5. ಅಪ್ಪ ಅಮ್ಮಂದಿರ ತಲೆಮಾರಿಗೇ ನಿಂತುಬಿಟ್ಟಿದ್ದರೆ 3. ಅಜ್ಜ ಅಜ್ಜಿಯರಲ್ಲಿ ಮಾತ್ರ ಉಳಿದಿದ್ದರೆ 2. ಹತ್ತು ಲಕ್ಷ ಜನ ಆಡುತ್ತಾರಲ್ಲ ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಅವರೆಲ್ಲ ಐವತ್ತು ದಾಟಿದವರಾದರೆ ಆ ಭಾಷೆಗೆ ಕೇಡು ಕಾದಿದೆ. ಐನೂರೇ ಜನರ ಭಾಷೆಯಾದರೂ ಮಕ್ಕಳು ಅದರಲ್ಲಿ ಜಗಳವಾಡುತ್ತಿದ್ದರೆ ಅದಕ್ಕೆ ಇನ್ನೂ ಆಯುಸ್ಸಿದೆ.

ಇದು ಹೇಗೆ ನಡೆಯುತ್ತದೆ ಎಂದು ತಿಳಿಯಲು ಒಂದು ಹಳ್ಳಿಗೆ ಹೋಗೋಣ. ಪಪುವಾ ನ್ಯೂಗಿನಿಯಲ್ಲಿ 800ಕ್ಕೂ ಹೆಚ್ಚು ಭಾಷೆಗಳಿವೆ. ಅಲ್ಲಿ ಸೆಪಿಕ್ ನದಿ ಸಮುದ್ರ ಸೇರುವ ಕಡೆ, ಜೌಗು ಕಾಡಿನ ನಡುವೆ, ಗಾಪುನ್ ಎಂಬ ಊರು. ನೂರಿನ್ನೂರು ಜನ. ಅವರ ಭಾಷೆ ತಯಾಪ್. ಜಗತ್ತಿನ ಬೇರಾವ ಭಾಷೆಯೊಂದಿಗೂ ಅದರ ನಂಟು ಪತ್ತೆಯಾಗಿಲ್ಲ. 1980ರ ದಶಕದಲ್ಲಿ ಡಾನ್ ಕ್ಯೂಲಿಕ್ ಎಂಬ ಮಾನವಶಾಸ್ತ್ರಜ್ಞರು ಅಲ್ಲಿ ಹೋಗಿ ನೆಲೆಸಿದರು. ಊರಿಗೆ ರಸ್ತೆಯಿಲ್ಲ, ವಿದ್ಯುತ್ತಿಲ್ಲ. ಮನೆಗಳಲ್ಲಿ ಇಂಗ್ಲಿಷ್ ಆಡುವವರಿಲ್ಲ. ಆದರೂ ಹತ್ತು ವರ್ಷದೊಳಗಿನ ಮಕ್ಕಳ ಬಾಯಲ್ಲಿ ತಯಾಪ್ ಇರಲಿಲ್ಲ! ಅವರೆಲ್ಲ ಟೋಕ್ ಪಿಸಿನ್ ಆಡುತ್ತಿದ್ದರು. ದೂರದ ತೋಟಗಳಿಗೆ ಕೂಲಿಗೆ ಹೋದ ಗಂಡಸರು ಹಿಂದೆಂದೋ ಊರಿಗೆ ತಂದ ಸಂಪರ್ಕ ಭಾಷೆ ಅದು.

ಏಕೆ ಹೀಗೆ ಎಂದರೆ ತಾಯ್ತಂದೆಯರ ಉತ್ತರ ಒಂದೇ: ಮಕ್ಕಳು ಹಟಮಾರಿಗಳು, ಅವಕ್ಕೇ ತಯಾಪ್ ಬೇಡವಾಗಿದೆ. ಕ್ಯೂಲಿಕ್ ಮನೆಯೊಳಗಿನ ಮಾತನ್ನು ಧ್ವನಿಮುದ್ರಿಸಿಕೊಂಡು ಕೇಳಿದರು. ತಾಯಿ ಮಗುವಿಗೆ ತಯಾಪಿನಲ್ಲಿ ಏನೋ ಹೇಳುತ್ತಾಳೆ. ಮಗು ಅಲುಗಾಡುವುದಿಲ್ಲ. ಅದನ್ನೇ ತಕ್ಷಣ ಟೋಕ್ ಪಿಸಿನ್‌ನಲ್ಲಿ ಹೇಳುತ್ತಾಳೆ. ಮತ್ತೆ ಮತ್ತೆ ಇದೇ. ಮಗುವಿಗೆ ತಯಾಪನ್ನು ಅರ್ಥ ಮಾಡಿಕೊಳ್ಳುವ ದರ್ದೇ ಇಲ್ಲ; ಒಂದು ಗಳಿಗೆ ಸುಮ್ಮನಿದ್ದರೆ ಅನುವಾದ ತಾನಾಗಿಯೇ ಬರುತ್ತದೆ. ದೊಡ್ಡವರ ಮನಸ್ಸಿನಲ್ಲಿ ಟೋಕ್ ಪಿಸಿನ್ ಎಂದರೆ ವಿವೇಕ, ಚರ್ಚು, ಹಣ; ತಯಾಪ್ ಎಂದರೆ ಸಿಟ್ಟು, ಹಟ, ಹಳೆಯ ಕಾಲ. ತಯಾಪನ್ನು ಬಿಟ್ಟುಬಿಡೋಣ ಎಂದು ಊರವರು ಕೂತು ತೀರ್ಮಾನಿಸಿದ್ದಲ್ಲ. ಬಿಡುತ್ತಿದ್ದೇವೆ ಎಂಬುದೇ ಅವರ ಗಮನಕ್ಕೆ ಬಂದಿರಲಿಲ್ಲ. ಇಂದು ಅದನ್ನು ಆಡುವವರು ಐವತ್ತು ಜನರೂ ಇಲ್ಲ.

ಅರ್ಧ ಸಮಯ ಗಾಪುನ್‌ನಲ್ಲೇ ಕಳೆಯಿತು, ಚಿಂತೆಯಿಲ್ಲ. ಇನ್ನು ಬೇಗ ಬೇಗ ಹೇಳುತ್ತೇನೆ. ಸರ್ಕಾರ ಮನಸ್ಸು ಮಾಡಿದರೆ ಭಾಷೆ ಉಳಿಯುತ್ತದೆ ಎನ್ನುವವರು ಐರ್ಲೆಂಡನ್ನು ನೋಡಲಿ. ಅಲ್ಲಿನ ಸಂವಿಧಾನದಲ್ಲಿ ಐರಿಷ್ ಮೊದಲ ಅಧಿಕೃತ ಭಾಷೆ. ಶಾಲೆಯಲ್ಲಿ ಎಲ್ಲರಿಗೂ ಪಾಠ, ರಸ್ತೆಯಲ್ಲಿ ಫಲಕ, ದೂರದರ್ಶನದಲ್ಲಿ ವಾಹಿನಿ. 2022ರ ಜನಗಣತಿಯಲ್ಲಿ ಸುಮಾರು 18.7 ಲಕ್ಷ ಜನ ತಮಗೆ ಐರಿಷ್ ಬರುತ್ತದೆ ಎಂದರು. ಶಾಲೆಯ ಹೊರಗೆ ದಿನವೂ ಆಡುವವರು 72,000 ಕೂಡ ಇಲ್ಲ. ಶಾಲೆ ಭಾಷೆಯನ್ನು ಕಲಿಸಬಲ್ಲದು, ಮನೆಮಾತು ಮಾಡಲಾರದು.

ಇಂಗ್ಲಿಷಿಗೂ ಇದೇ ಪರೀಕ್ಷೆ ಒಡ್ಡಿ. ಸುಮಾರು 150 ಕೋಟಿ ಜನ ಅದನ್ನು ಬಲ್ಲರು. ಅದು ತಾಯ್ನುಡಿಯಾಗಿರುವುದು 40 ಕೋಟಿಯ ಆಸುಪಾಸಿನ ಜನಕ್ಕೆ ಮಾತ್ರ. ಉಳಿದವರಿಗೆಲ್ಲ ಅದು ಕಚೇರಿಯ, ಕಾಲೇಜಿನ, ವ್ಯಾಪಾರದ ಭಾಷೆ. ಅಂಥ ಭಾಷೆ ಬಹಳ ಕಾಲ ಬಾಳುತ್ತದೆ. ಯಾವ ತಾಯಿಯೂ ಮಗುವಿನೊಂದಿಗೆ ಲ್ಯಾಟಿನ್ ಆಡದ ಕಾಲದಲ್ಲೂ ಸಾವಿರ ವರ್ಷ ಯುರೋಪಿನ ಪಂಡಿತರು ಅದರಲ್ಲೇ ಬರೆದರು. ವಿಶ್ವವಿದ್ಯಾಲಯಗಳು ಕೈಬಿಟ್ಟವು, ಆಮೇಲೆ ಅದಕ್ಕೆ ಆಸರೆ ಉಳಿಯಲಿಲ್ಲ. ಇಂಗ್ಲಿಷ್ ಬೇರು ಬಿಡುತ್ತಿರುವ ಜಾಗ ಬೇಕಾದರೆ ಸಿಂಗಪುರ ನೋಡಿ. ಮನೆಯಲ್ಲಿ ಹೆಚ್ಚಾಗಿ ಇಂಗ್ಲಿಷನ್ನೇ ಆಡುವವರು 2010ರಲ್ಲಿ ನೂರಕ್ಕೆ 32, 2020ರಲ್ಲಿ 48. ಆದರೆ ಅಲ್ಲಿನ ಚೀನೀ ಮೂಲದವರು ಆಡುತ್ತಿದ್ದ ಹೊಕ್ಕಿಯನ್, ಕ್ಯಾಂಟನೀಸ್ ಮೊದಲಾದವನ್ನು ಮನೆಯಿಂದ ಹೊರಗೆ ಹಾಕಿದ್ದರಲ್ಲಿ ಮ್ಯಾಂಡರಿನ್ನಿನ ಪಾಲು ದೊಡ್ಡದು. 1979ರಿಂದ ಸರ್ಕಾರವೇ ಮ್ಯಾಂಡರಿನ್ ಆಡಿ ಎಂದು ಪ್ರಚಾರ ನಡೆಸಿತು. ಸಣ್ಣ ಭಾಷೆಯನ್ನು ನುಂಗುವುದು ಎಷ್ಟೋ ಸಲ ಪಕ್ಕದ ಭಾಷೆಯೇ.

ಅನುವಾದ ಯಂತ್ರಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಅವು ಪತ್ರ ಓದಲು ಒಳ್ಳೆಯವು, ಮುಂದೆ ಹೋಗೋಣ.

ಮಾಡುವುದೇನು? ಬೆಲ್ಜಿಯಮ್ಮಿನ ಡಚ್ ಭಾಷಿಕ ಪ್ರದೇಶದಲ್ಲಿ, ಮನೆಯಲ್ಲಿ ಇನ್ನೊಂದು ಭಾಷೆಯೂ ಇರುವ ಸುಮಾರು 1,900 ಕುಟುಂಬಗಳ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ತಂದೆ ತಾಯಿ ಇಬ್ಬರೂ ಮನೆಯಲ್ಲಿ ಆ ಇನ್ನೊಂದು ಭಾಷೆಯನ್ನು ಮಾತ್ರ ಆಡುತ್ತಿದ್ದರೆ, ನೂರರಲ್ಲಿ 97 ಮನೆಗಳ ಮಕ್ಕಳು ಅದನ್ನು ಆಡುತ್ತಿದ್ದರು. ಒಬ್ಬರು ಡಚ್, ಇನ್ನೊಬ್ಬರು ತಮ್ಮ ಭಾಷೆ ಎಂದು ಹಂಚಿಕೊಂಡ ಮನೆಗಳಲ್ಲಿ 74. ಇಬ್ಬರೂ ಡಚ್ ಆಡುತ್ತ, ಒಬ್ಬರು ಮಾತ್ರ ತಮ್ಮ ಭಾಷೆಯನ್ನೂ ಆಡುವ ಮನೆಗಳಲ್ಲಿ 36. ಅಕ್ಕರೆ ಎಲ್ಲ ಮನೆಗಳಲ್ಲೂ ಇದ್ದೀತು, ಕಡಿಮೆಯಾದದ್ದು ಮಗುವಿನ ಕಿವಿಗೆ ಬೀಳುವ ಮಾತು.

ಆದ್ದರಿಂದ ಹುಟ್ಟಿದ ದಿನದಿಂದಲೇ ಶುರು ಮಾಡಿ. ಮಗು ಬೇರೆ ಭಾಷೆಯಲ್ಲಿ ಉತ್ತರ ಕೊಟ್ಟರೆ ನೀವೂ ಅದಕ್ಕೆ ಹೊರಳಬೇಡಿ. ಬಯ್ಯಲೂ ಬೇಡಿ. ‘ಏನಂದೆ?’ ಎಂದು ನಿಮ್ಮ ಭಾಷೆಯಲ್ಲೇ ಕೇಳಿ, ಅಥವಾ ಅದು ಅಂದದ್ದನ್ನು ನಿಮ್ಮ ಭಾಷೆಯಲ್ಲಿ ನೀವೇ ಅಂದು ತೋರಿಸಿ. ನಿಮ್ಮ ಮಾತಿನ ಬೆನ್ನಿಗೇ ಅನುವಾದ ಸೇರಿಸಬೇಡಿ, ಅದು ಗಾಪುನ್‌ನ ದಾರಿ. ತಪ್ಪಾಡಿದರೆ ನಗಬೇಡಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಡಿರ್ಬಲ್ ಆಡುವ ಹಿರಿಯರು ಕಿರಿಯರನ್ನು ಹೆಜ್ಜೆಹೆಜ್ಜೆಗೂ ತಿದ್ದುತ್ತಿದ್ದರು. ಕಿರಿಯರು ಅವರೆದುರು ಇಂಗ್ಲಿಷಿಗೆ ಜಾರಿಕೊಂಡರು. ಮಗುವನ್ನು ವಿಡಿಯೊ ಮುಂದೆ ಕೂರಿಸಿ ಭಾಷೆ ಬರಲಿ ಎಂದು ಕಾಯುವುದೂ ವ್ಯರ್ಥ. 2003ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳು ಎದುರಿಗೆ ಕೂತು ಆಡಿಸಿದವರಿಂದ ಮ್ಯಾಂಡರಿನ್ನಿನ ಧ್ವನಿಭೇದ ಹಿಡಿದವು, ಪರದೆಯಿಂದ ಹಿಡಿಯಲಿಲ್ಲ.

ಅಪ್ಪ ಅಮ್ಮನಿಗೇ ಭಾಷೆ ಬಾರದಿದ್ದರೆ? ನ್ಯೂಜಿಲೆಂಡಿನ ಮಾವೋರಿಗಳು 1982ರಲ್ಲಿ ‘ಕೊಹಾಂಗ ರೆಯೊ’ ಎಂಬ ಶಿಶುಕೇಂದ್ರ ತೆರೆದರು. ಶಾಲೆಗೆ ಹೋಗುವ ವಯಸ್ಸಾಗದ ಮಕ್ಕಳು, ಭಾಷೆ ಬಲ್ಲ ಹಿರಿಯರು, ಒಳಗೆ ಇಂಗ್ಲಿಷ್ ಇಲ್ಲ. ಆದರೆ ಸಂಜೆ ಮನೆಗೆ ಹೋದ ಮಗುವಿನ ಜೊತೆ ಮತ್ತೆ ಇಂಗ್ಲಿಷೇ ಆದರೆ ಆ ಭಾಷೆ ಕೇಂದ್ರದ ಬಾಗಿಲಲ್ಲೇ ಉಳಿಯುತ್ತದೆ. ತಾಯ್ತಂದೆಯರೂ ಕಲಿಯಬೇಕು.

ಸಮಯವಾಯಿತೆಂದು ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ, ಇನ್ನೊಂದೇ ಮಾತು. ಮೊದಲ ಮಗುವಿನ ವಿಷಯದಲ್ಲಿ ಎಲ್ಲ ಸರಿಯಾಗಿ ನಡೆಸಿದವರೂ ಎರಡನೆಯದರಲ್ಲಿ ಸೋಲುವುದುಂಟು. ದೊಡ್ಡದು ಶಾಲೆಯ ಭಾಷೆಯನ್ನು ಮನೆಗೆ ತಂದು ಚಿಕ್ಕದರ ಜೊತೆ ಅದನ್ನೇ ಆಡುತ್ತದೆ. ಶಾಲೆ ಸೇರುವ ಮೊದಲೇ ದೊಡ್ಡದಕ್ಕೆ ಹೇಳಿಡಿ: ತಂಗಿಯ ಜೊತೆ, ತಮ್ಮನ ಜೊತೆ ನಮ್ಮ ಭಾಷೆ. ನಮಸ್ಕಾರ.