ಆನೆ ಕಾಯಬೇಕಾದ ಸಾಲು: ಕಲಬುರಗಿಯ ಪಂದ್ಯಾವಳಿಯ ಒಂದು ಕೊನೆಯಾಟ

ನಮಸ್ಕಾರ. ಕಲಬುರಗಿಯ ಹವ್ಯಾಸಿ ಚದುರಂಗ ಪಂದ್ಯಾವಳಿಯೊಂದರ ಕೊನೆಯ ಸುತ್ತಿನ ಆಟವನ್ನು ಈ ವಿಡಿಯೋದಲ್ಲಿ ಪರಿಶೀಲಿಸೋಣ. ಆಳಂದ, ಸೇಡಂ, ಶಹಾಬಾದ್‌ಗಳಿಂದ ಬೆಳಗಿನ ಬಸ್ಸಿಗೆ ಬಂದಿದ್ದ ಆಟಗಾರರಲ್ಲಿ ಹೆಚ್ಚಿನವರು ಆಟ ಮುಗಿಸಿ ಈ ಒಂದೇ ಹಲಗೆಯ ಸುತ್ತ ನಿಂತಿದ್ದರು. ಆರಂಭದ ನಡೆಗಳಲ್ಲಿ ವಿಶೇಷವೇನೂ ಇಲ್ಲ. ನೇರವಾಗಿ ಕೊನೆಯಾಟಕ್ಕೆ, ಅಂದರೆ ಕೆಲವೇ ಕಾಯಿಗಳು ಉಳಿದ ಹಂತಕ್ಕೆ ಬರೋಣ.

[ಪರದೆಯ ಮೇಲೆ ಹಲಗೆ]

ಮನೆಗಳ ಹೆಸರಿನಲ್ಲಿ ಅಕ್ಷರ ಬಿಳಿಯ ಎಡದಿಂದ ಎಣಿಸಿದ ಕಂಬಸಾಲನ್ನೂ (ಎಯಿಂದ ಎಚ್), ಅಂಕಿ ಬಿಳಿಯ ಕಡೆಯಿಂದ ಎಣಿಸಿದ ಅಡ್ಡಸಾಲನ್ನೂ (1ರಿಂದ 8) ಸೂಚಿಸುತ್ತದೆ. ಬಿಳಿಯ ರಾಜ ಇ5ರಲ್ಲಿ, ಕಾಲಾಳು ಡಿ5ರಲ್ಲಿ, ಆನೆ ಎಚ್7ರಲ್ಲಿ ಇವೆ. ಕಪ್ಪಿನ ರಾಜ ಡಿ8ರಲ್ಲಿ, ಆನೆ ಎ6ರಲ್ಲಿ ಇವೆ. ಒಂದು ಕಾಲಾಳು ಕಡಿಮೆಯಿದ್ದರೂ ಕಪ್ಪಿಗೆ ಇದು ಡ್ರಾ ಆಗುವ ಸ್ಥಿತಿ. ಫ್ರಾನ್ಸಿನ ಚದುರಂಗ ಆಟಗಾರ ಫಿಲಿಡೋರ್ 1777ರಲ್ಲಿಯೇ ಈ ರಕ್ಷಣೆಯನ್ನು ವಿವರಿಸಿದ್ದ. ಅವನು ವೃತ್ತಿಯಿಂದ ಸಂಗೀತ ಸಂಯೋಜಕನಾಗಿದ್ದನೆಂಬುದು ನನಗೆ ಇಂದಿಗೂ ಸೋಜಿಗ.

ಕಪ್ಪು ಆನೆ ಆರನೆಯ ಸಾಲನ್ನು ಕಾಯುತ್ತಿರುವವರೆಗೆ ಬಿಳಿಯ ರಾಜ ಆ ಸಾಲಿಗೆ ಕಾಲಿಡಲಾರ. ಆದ್ದರಿಂದ ಬಿಳಿಯವರು ಕಾಲಾಳನ್ನು ಡಿ6ಕ್ಕೆ ತಳ್ಳಿದರು. ಈಗ ಆ ಕಾಲಾಳೇ ಆನೆಯ ದಾರಿಗೆ ಅಡ್ಡವಾಗಿ, ರಾಜನು ಇ6ಕ್ಕೆ ಏರಲು ಮರೆಯಾಗುತ್ತದೆ. ಆದರೆ ಕಾಲಾಳು ಮುಂದೆ ಹೋದದ್ದರಿಂದ ಹಿಂದಿನಿಂದ ಬರುವ ಚೆಕ್‌ಗಳಿಗೆ ರಾಜನಿಗೆ ಆಶ್ರಯವೂ ತಪ್ಪುತ್ತದೆ. ಆದಕಾರಣ ಕಪ್ಪು ಆನೆ ತಕ್ಷಣ ಎ1ಕ್ಕೆ ಇಳಿಯಬೇಕಿತ್ತು. ಆಗ ರಾಜ ಇ6ಕ್ಕೆ ಬಂದರೆ ಇ1ರಿಂದ ಚೆಕ್, ಎಫ್6ಕ್ಕೆ ಸರಿದರೆ ಎಫ್1ರಿಂದ ಚೆಕ್; ಆನೆಯನ್ನು ಅಟ್ಟಲು ಕೆಳಗಿಳಿದರೆ ಕಾಲಾಳಿಗೆ ರಾಜನ ಬೆಂಬಲ ತಪ್ಪುತ್ತದೆ.

ಗಡಿಯಾರದಲ್ಲಿ ಕೆಲವೇ ಸೆಕೆಂಡುಗಳು ಉಳಿದಿದ್ದ ಕಪ್ಪಿನ ಆಟಗಾರ, ಅಲ್ಲಿಯವರೆಗೆ ಸರಿಯಾಗಿಯೇ ಕಾದಿದ್ದ ಸಾಲನ್ನು ಬಿಡಲೊಪ್ಪದೆ, ಆನೆಯನ್ನು ಬಿ6ಕ್ಕೆ ಸರಿಸಿದರು. ರಾಜ ಇ6ಕ್ಕೆ ಏರಿದ. ಈಗ ಬಿಳಿ ಆನೆ ಎಚ್8ಕ್ಕೆ ಬಂದು ಮೇಟ್ ಮಾಡುವ ಬೆದರಿಕೆ ಎದುರಾಯಿತು. ಕಪ್ಪು ರಾಜ ಸಿ8ಕ್ಕೆ ಸರಿದಿದ್ದರೆ ಹೋರಾಟ ಇನ್ನಷ್ಟು ಮುಂದುವರಿಯುತ್ತಿತ್ತು. ಅವರು ಕೊನೆಯ ಸಾಲನ್ನು ರಕ್ಷಿಸಲೆಂದು ಆನೆಯನ್ನು ಬಿ8ಕ್ಕೆ ತಂದರು. ಅದು ರಾಜನ ಆಚೆ ಬದಿಯಲ್ಲಿದ್ದುದರಿಂದ ಬಿಳಿ ಆನೆ ಎಚ್8ಕ್ಕೆ ಬಂದಾಗ ನಡುವೆ ಬಂದು ತಡೆಯಲು ದಾರಿಯೇ ಇರಲಿಲ್ಲ.

ನಮ್ಮ ಭಾಗದ ಹೊಸ ಆಟಗಾರರು ಸಿಸಿಲಿಯನ್ ರಕ್ಷಣೆಯೆಂಬ ಆರಂಭದ ಕವಲುಗಳನ್ನು ಬಾಯಿಪಾಠ ಮಾಡುವ ಮುನ್ನ ಈ ಐದು ಕಾಯಿಗಳನ್ನು ಹಲಗೆಯ ಮೇಲಿಟ್ಟು ಎರಡೂ ಬದಿಯಿಂದ ಆಡಿ ನೋಡುವುದು ಹೆಚ್ಚು ಲಾಭಕರವೆಂದು ನನ್ನ ಅಭಿಪ್ರಾಯ. ರಕ್ಷಿಸುವಾಗ ಇನ್ನೊಂದು ನಿಯಮವೂ ನೆನಪಿರಲಿ: ಕಾಲಾಳು ಚಲಿಸದೆ, ಯಾವ ಕಾಯಿಯೂ ಹೊಡೆತಕ್ಕೆ ಸಿಗದೆ ಇಬ್ಬರೂ ತಲಾ 50 ನಡೆಗಳನ್ನು ಆಡಿದ್ದರೆ, ನಿಮ್ಮ ಸರದಿಯಲ್ಲಿ ಗಡಿಯಾರ ನಿಲ್ಲಿಸಿ, ತೀರ್ಪುಗಾರರಾದ ಆರ್ಬಿಟರ್‌ ಬಳಿ ಡ್ರಾ ಕೇಳಬಹುದು.