ಫ್ಲೈವೀಲ್ ಹಗುರಾದರೆ ಕಾರು ಹಾರುತ್ತಾ?

ಫ್ಲೈವೀಲ್ ಅಂದರೆ ಎಂಜಿನ್ ಜೊತೆಗೇ ತಿರುಗುವ ಭಾರದ ತಟ್ಟೆ. ಅದರಲ್ಲಿ ನಾಲ್ಕು ಕಿಲೋ ಇಳಿಸಿದರೆ ಕಾರಿನಲ್ಲೇ ನೂರು ಕಿಲೋ ಇಳಿಸಿದ ಹಾಗೆ. ಈ ಮಾತು ನೀವೂ ಕೇಳಿರುತ್ತೀರಿ. ಮಾರುವವರು ಹೇಳುತ್ತಾರೆ, ಹಾಕಿಸಿಕೊಂಡವರು ಇನ್ನೂ ಜೋರಾಗಿ ಹೇಳುತ್ತಾರೆ. ಪೂರ್ತಿ ಸುಳ್ಳೇನಲ್ಲ. ಆದರೆ ಯಾವ ಗೇರ್‌ನಲ್ಲಿ ಅಂತ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ನನ್ನ ತಕರಾರು ಇರುವುದು ಅಲ್ಲೇ.

ಲೆಕ್ಕ ಹಾಕೇಬಿಡೋಣ. ತಿರುಗುವ ಭಾಗದಲ್ಲಿ ತೂಕ ಎಷ್ಟಿದೆ ಅನ್ನುವುದರ ಜೊತೆಗೆ ಅದು ನಡುವಿನಿಂದ ಎಷ್ಟು ದೂರದಲ್ಲಿದೆ ಅನ್ನುವುದೂ ಮುಖ್ಯ. ದೂರ ಎರಡರಷ್ಟಾದರೆ ಜಡತ್ವ, ಅಂದರೆ ವೇಗ ಬದಲಿಸಲು ಹೋದಾಗ ಅದು ಒಡ್ಡುವ ಅಡ್ಡಿ, ನಾಲ್ಕರಷ್ಟಾಗುತ್ತದೆ. ಗೇರ್ ಅನುಪಾತದ ಕಥೆಯೂ ಹಾಗೇ. ಈಗ ಫ್ಲೈವೀಲ್ ಜಡತ್ವ 0.10 ಕೆಜಿ-ಚದರ ಮೀಟರ್‌ನಿಂದ 0.06ಕ್ಕೆ ಇಳಿಯಿತು ಅಂದುಕೊಳ್ಳಿ. ಚಕ್ರದ ತ್ರಿಜ್ಯ 30 ಸೆಂಟಿಮೀಟರ್. ಒಂದನೇ ಗೇರ್‌ನಲ್ಲಿ ಚಕ್ರ ಒಂದು ಸುತ್ತು ಸುತ್ತುವಷ್ಟರಲ್ಲಿ ಎಂಜಿನ್ 13 ಸುತ್ತು ಹಾಕುತ್ತದೆ. ಹದಿಮೂರನ್ನು ಹದಿಮೂರರಿಂದಲೇ ಗುಣಿಸಿ, ಅದನ್ನು ಇಳಿದ ಜಡತ್ವ 0.04ರಿಂದ ಗುಣಿಸಿ, ಮೀಟರ್‌ನಲ್ಲಿ ತ್ರಿಜ್ಯದ ವರ್ಗ 0.09ರಿಂದ ಭಾಗಿಸಬೇಕು. ಉತ್ತರ ಸುಮಾರು 75 ಕಿಲೋ. ಪಕ್ಕದ ಸೀಟಿನಲ್ಲಿದ್ದ ಒಬ್ಬ ಆಳು ಇಳಿದುಹೋದ ಹಾಗೆ! ಅದೇ ಐದನೇ ಗೇರ್‌ಗೆ ಬನ್ನಿ. ಅಲ್ಲಿ ಅನುಪಾತ ಸುಮಾರು 4. ಲಾಭ ಬರೀ 7 ಕಿಲೋ. ಟ್ಯಾಂಕಿಗೆ ಹತ್ತು ಲೀಟರ್ ಪೆಟ್ರೋಲ್ ಕಡಿಮೆ ಹಾಕಿಸಿದರೂ ಅಷ್ಟು ಉಳಿಯುತ್ತದೆ.

ಇದರಲ್ಲಿ ಇನ್ನೊಂದು ತಮಾಷೆ ಇದೆ. ಲಾಭ ಜಾಸ್ತಿ ಇರುವ ಒಂದನೇ ಗೇರ್‌ನಲ್ಲೇ ಪವರ್ ಇರುವ ಕಾರಿನ ಟೈರು ನಿಂತಲ್ಲೇ ಸುತ್ತಿ ಹೊಗೆ ಎಬ್ಬಿಸುತ್ತದೆ. ರಸ್ತೆ ಮೇಲೆ ಹಿಡಿತವೇ ಸಾಲದು ಅಂದಾಗ ಎಂಜಿನ್ ಇನ್ನೂ ಬೇಗ ಮೇಲೇರಿ ಏನು ಬಂತು? ಕಡಿಮೆ ಪವರ್‌ನ ಚಿಕ್ಕ ಕಾರಿಗೆ ಇದು ನಿಜಕ್ಕೂ ಕೈಗೆ ಸಿಗುವ ಲಾಭ. ಐನೂರು ಕುದುರೆಯ ಕಾರಿಗೆ ಅಷ್ಟೇನೂ ಅಲ್ಲ.

ಪವರ್ ಅಳೆಯುವ ಯಂತ್ರವಾದ ಡೈನೋದ ಗ್ರಾಫ್ ತೋರಿಸಿ 'ಪವರ್ ಏರಿತು' ಅನ್ನುವವರೂ ಇದ್ದಾರೆ. ಎಂಜಿನ್ ಒಂದು ಕುದುರೆಯಷ್ಟೂ ಜಾಸ್ತಿ ಹುಟ್ಟಿಸಿರುವುದಿಲ್ಲ. ತನ್ನನ್ನು ತಾನೇ ಸುತ್ತಿಸಿಕೊಳ್ಳಲು ತಿನ್ನುತ್ತಿದ್ದದ್ದು ಕಡಿಮೆ ಆಗಿರುತ್ತದೆ, ಅಷ್ಟೇ. ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಂಜಿನ್ ಹಾಕುವ ಸುತ್ತು, ಒಂದೇ ಕಡೆ ಹಿಡಿದು ಅಳೆಯಿರಿ, ಆ ಲಾಭ ಮಾಯ.

ಹಾಗಾದರೆ ದುಡ್ಡು ದಂಡನಾ? ಅಲ್ಲ. ಸ್ಟಾಪ್‌ವಾಚ್ ಒಳಗಿಟ್ಟು ಒಂದು ತಿರುವಿನ ಕಡೆ ಹೋಗಿ. ಬ್ರೇಕ್ ಒತ್ತಿದ್ದೀರಿ, ಮೂರರಿಂದ ಎರಡಕ್ಕೆ ಇಳಿಸಬೇಕು. ಕ್ಲಚ್ ತುಳಿದು, ಬ್ರೇಕ್ ಮೇಲಿರುವ ಬಲಗಾಲಿನ ಅಂಚಿನಿಂದಲೇ ಆಕ್ಸಿಲರೇಟರ್‌ಗೆ ಒಂದು ಸಣ್ಣ ತಟ್ಟು. ಫ್ಲೈವೀಲ್ ಭಾರ ಇದ್ದರೆ ಆರ್‌ಪಿಎಂ ಮೀಟರ್‌ನ ಮುಳ್ಳು ಸೋಮಾರಿಯಾಗಿ ಮೇಲೇಳುತ್ತದೆ, ನೀವು ಕಾಯಬೇಕು. ಹಿಂದಿನ ಚಕ್ರಕ್ಕೆ ಪವರ್ ಹೋಗುವ ಕಾರಿನಲ್ಲಿ ಕಾಯದೆ ಕ್ಲಚ್ ಬಿಟ್ಟರೆ ಎಂಜಿನ್‌ನ ವೇಗ ಏರಿಸುವ ಕೆಲಸ ಹಿಂದಿನ ಚಕ್ರಗಳ ಮೇಲೆ ಬೀಳುತ್ತದೆ. ಅವು ಒಂದು ಕ್ಷಣ ಹಿಡಿತ ಕಳೆದುಕೊಂಡು ಬಾಲ ಜಾರುತ್ತದೆ. ಫ್ಲೈವೀಲ್ ಹಗುರ ಇದ್ದರೆ ಮುಳ್ಳು ತಟ್ಟಿದ ಕೂಡಲೇ ಮೇಲೆ. ಲೆಕ್ಕ ಸ್ವಲ್ಪ ತಪ್ಪಿದರೂ ಜಗ್ಗುವುದು ಕಡಿಮೆ, ಏಕೆಂದರೆ ಎಳೆದು ಏರಿಸಬೇಕಾದ ತೂಕವೇ ಕಡಿಮೆ. ನನ್ನ ಕೇಳಿದರೆ ಹಗುರ ಫ್ಲೈವೀಲ್‌ಗೆ ಕೊಡುವ ಕಾಸು ಪೂರ್ತಿ ಇದಕ್ಕೇ, ಪಿಕಪ್‌ಗೆ ಅಲ್ಲ.

ಈ ಚುರುಕುತನವನ್ನು ಕೊನೇವರೆಗೂ ಬೆನ್ನಟ್ಟಿದ ಕಾರುಗಳೂ ಇವೆ. 2010ರಲ್ಲಿ ಬಂದ ಲೆಕ್ಸಸ್ ಎಲ್‌ಎಫ್‌ಎ ನೋಡಿ. ಅದರ ವಿ10 ಎಂಜಿನ್ ಐಡಲ್‌ನಿಂದ 9,000 ಆರ್‌ಪಿಎಂ ಮುಟ್ಟಲು 0.6 ಸೆಕೆಂಡ್ ಸಾಕು. ಮುಳ್ಳಿನ ಮೀಟರ್ ಆ ವೇಗಕ್ಕೆ ಸಾಲದು ಅಂತ ಡಿಜಿಟಲ್ ಮೀಟರ್ ಹಾಕಿದರು. ಪೋರ್ಷೆ ಕರೆರಾ ಜಿಟಿ ಮಾಡಿದವರು ಕ್ಲಚ್‌ನ ವ್ಯಾಸವನ್ನೇ 169 ಮಿಲಿಮೀಟರ್‌ಗೆ ಇಳಿಸಿದರು. ಪ್ಲೇಟ್‌ಗಳು ಸೆರಾಮಿಕ್. ನನಗೆ ಇದು ತುಂಬಾ ಇಷ್ಟ, ಯಾಕೆ ಅಂದರೆ ಇದರ ಲಾಭ ಬರೀ ತಿರುಗುವ ತೂಕದ್ದಲ್ಲ. ಕ್ಲಚ್ ಚಿಕ್ಕದಾದ ಕಾರಣ ಇಡೀ ಎಂಜಿನ್ ನೆಲಕ್ಕೆ ಇನ್ನೂ ಹತ್ತಿರ ಕೂತಿತು. ತಿರುವಿನಲ್ಲಿ ಅದು ಕೆಲಸಕ್ಕೆ ಬರುತ್ತದೆ. ಅದಕ್ಕೆ ಕೊಟ್ಟ ಬೆಲೆ? ಸಿಗ್ನಲ್‌ನಲ್ಲಿ ಹೊರಡುವಾಗ ಗಾಡಿ ಪಟ್ಟನೆ ಆಫ್ ಆಗುವ ಅಪಖ್ಯಾತಿ. ಭಾರದ ಫ್ಲೈವೀಲ್ ಒಂದಿಷ್ಟು ಶಕ್ತಿ ಕೂಡಿಟ್ಟುಕೊಂಡು ಹೊರಡುವಾಗ ನಮ್ಮ ಕಾಲಿನ ತಪ್ಪು ಮುಚ್ಚಿಹಾಕುತ್ತದೆ. ಹಗುರದ್ದು ಮುಚ್ಚುವುದಿಲ್ಲ.

ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಗಳ ಕಡೆ ಪವರ್ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಕಾರ್ಬನ್‌ನಲ್ಲಿ ಮಾಡುವುದರ ಬಗ್ಗೆ ಜಾಸ್ತಿ ಹೇಳೋದಿಲ್ಲ. ಅದು ಸಪೂರ ಕೊಳವೆ, ತೂಕವೆಲ್ಲ ನಡುವಿಗೆ ಹತ್ತಿರ. ಹಾಗಾಗಿ ಪಿಕಪ್‌ನಲ್ಲಿ ಸಿಗುವುದು ಚಿಲ್ಲರೆ. ಉದ್ದದ ಶಾಫ್ಟನ್ನು ಅದುರದಂತೆ ಒಂದೇ ತುಂಡಿನಲ್ಲಿ ಮಾಡಬಹುದು ಅನ್ನುವುದೇ ಅದರ ನಿಜವಾದ ಉಪಯೋಗ. ಬಿಎಂಡಬ್ಲ್ಯೂ ತನ್ನ ಎಂ3, ಎಂ4ಗೆ 2014ರಲ್ಲಿ ಇದನ್ನು ಕೊಟ್ಟಿತು. ಆಮೇಲೆ ಎಕ್ಸಾಸ್ಟ್ ಫಿಲ್ಟರ್‌ಗೆ ಜಾಗ ಬೇಕಾದಾಗ ಮತ್ತೆ ಸ್ಟೀಲ್‌ಗೇ ಬಂತು.

ಚಕ್ರದ ವಿಷಯ ಬೇರೆ. 'ಚಕ್ರದಲ್ಲಿ ಒಂದು ಕಿಲೋ ಅಂದರೆ ಬಾಡಿಯಲ್ಲಿ ಹತ್ತು ಕಿಲೋ' ಅನ್ನುವುದು ಶುದ್ಧ ಬುರುಡೆ. ಪಿಕಪ್ ಲೆಕ್ಕದಲ್ಲಿ ಅದು ಎರಡು ಕಿಲೋ ದಾಟುವುದಿಲ್ಲ. ಆದರೆ ಚಕ್ರ ಸಸ್ಪೆನ್ಷನ್‌ನ ಕೆಳಗಿದೆ ಅಲ್ವಾ? ತಿರುವಿನ ನಡುವೆ ಒಂದು ಉಬ್ಬು ಸಿಕ್ಕಿತು ಅನ್ನಿ. ಭಾರದ ಚಕ್ರ ಮೇಲೆ ಎಗರಿ ರಸ್ತೆ ಬಿಡುತ್ತದೆ, ಹಗುರದ್ದು ಬೇಗ ಕೆಳಗಿಳಿದು ಟೈರನ್ನು ನೆಲಕ್ಕೆ ಒತ್ತುತ್ತದೆ. ಹ್ಯಾಂಡ್ಲಿಂಗ್ ಬೇಕು ಅನ್ನುವವರು ಮೊದಲು ದುಡ್ಡು ಹಾಕಬೇಕಾದ್ದು ಇಲ್ಲಿ. ಅದಕ್ಕೂ ಮೊದಲು ಒಳ್ಳೆ ಟೈರಿಗೆ.

ಫ್ಲೈವೀಲ್ ಬದಲಿಸಲೇಬೇಕು ಅಂತಿದ್ದರೆ ಕ್ಲಚ್ ಸವೆಯುವವರೆಗೆ ಕಾಯಿರಿ. ಆಗ ಹೇಗೂ ಗೇರ್‌ಬಾಕ್ಸ್ ಇಳಿಸುತ್ತಾರೆ, ಕೂಲಿ ಎರಡು ಸಲ ಕೊಡೋದು ತಪ್ಪುತ್ತದೆ. ಹಳೇ ಫ್ಲೈವೀಲ್ ಒಳಗೆ ಸ್ಪ್ರಿಂಗ್ ಇರುವ ಡ್ಯುಯಲ್ ಮಾಸ್ ಆಗಿದ್ದರೆ, ಅದನ್ನು ತೆಗೆದ ಮೇಲೆ ನ್ಯೂಟ್ರಲ್‌ನಲ್ಲಿ ಗೇರ್‌ಬಾಕ್ಸ್ ಕಟಕಟ ಅನ್ನಬಹುದು. ಕೆಲವು ಕಾರುಗಳಲ್ಲಿ ಚೆಕ್ ಎಂಜಿನ್ ದೀಪವೂ ಹತ್ತುತ್ತದೆ. ಎಂಜಿನ್‌ನ ಮುಖ್ಯ ತಿರುಗುವ ದಂಡವಾದ ಕ್ರ್ಯಾಂಕ್‌ನ ವೇಗ ಏರಿಳಿಯುವುದನ್ನು ಕಂಡು ಎಂಜಿನ್ ನಡೆಸುವ ಕಂಪ್ಯೂಟರ್ (ಇಸಿಯು) ಮಿಸ್‌ಫೈರ್, ಅಂದರೆ ಇಂಧನ ಸರಿಯಾಗಿ ಉರಿಯಲಿಲ್ಲ, ಅಂದುಕೊಳ್ಳುತ್ತದೆ. ಕಂಪನಿಯ ಎರಕದ ಕಬ್ಬಿಣದ ಫ್ಲೈವೀಲನ್ನೇ ಲೇತ್‌ಗೆ ಕೊಟ್ಟು ತೆಳು ಮಾಡಿಸಬೇಡಿ. ಅದು ಒಡೆದರೆ ಚೂರುಗಳು ನೇರ ನಿಮ್ಮ ಕಾಲಿನ ಕಡೆ ಬರುತ್ತವೆ. ಹಗುರದ್ದು ಬೇಕು ಅಂದರೆ ಸ್ಟೀಲ್‌ನದ್ದು ಕೊಳ್ಳಿ. ಜೊತೆಗೆ 'ಮುಂದಿನ ಕ್ರ್ಯಾಂಕ್ ಪುಲ್ಲಿನೂ ಹಗುರ ಮಾಡೋಣ' ಅಂತ ಯಾರಾದರೂ ಅಂದರೆ, ಅದರೊಳಗೆ ರಬ್ಬರ್ ಡ್ಯಾಂಪರ್ ಇದೆಯಾ ಅಂತ ಕೇಳಿ. ಇದೆ ಅಂದರೆ ಮುಟ್ಟಲು ಬಿಡಬೇಡಿ. ಕ್ರ್ಯಾಂಕ್ ಒಳಗೊಳಗೇ ತಿರುಚಿ ಅದುರುವುದನ್ನು ತಡೆಯಲು ಅದು ಅಲ್ಲಿರುವುದು.