ಹಳದಿ ಪುಡಿಯ ವಾಸನೆ

ಕೇಳುಗರಿಗೆ ನಮಸ್ಕಾರ.

ಹಲ್ಲು ಕೀಳಿಸಿಕೊಂಡು ಎರಡು ದಿನಕ್ಕೆ ಆ ಕುಳಿ ಸಿಡಿಯತೊಡಗಿ ಮತ್ತೆ ವೈದ್ಯರ ಬಳಿಗೆ ಓಡಿದವರು ನಿಮ್ಮಲ್ಲೂ ಇರಬಹುದು. ವೈದ್ಯರು ಕುಳಿಯನ್ನು ತೊಳೆದು, ಹಳದಿ ಬಣ್ಣದ ಒಂದು ಎಳೆ ಗಾಜ್ ಬಟ್ಟೆಯನ್ನು ಒಳಗೆ ಒತ್ತಿಡುತ್ತಾರೆ. ಆಮೇಲೆ ಉಂಡ ಅನ್ನಕ್ಕೂ ಕುಡಿದ ಕಾಫಿಗೂ ಒಂದೇ ವಾಸನೆ. ಅದು ಅಯೋಡೊಫಾರ್ಮ್ ಎಂಬ ಹಳದಿ ಪುಡಿಯದು, ಗಾಯದ ಮದ್ದಿನದು.

ರಸಾಯನಶಾಸ್ತ್ರದ ಮೇಷ್ಟ್ರಾದ ನನಗೆ ಅದು ಪಿಯುಸಿ ಪ್ರಯೋಗಾಲಯದ ವಾಸನೆ. ಪ್ರನಾಳಕ್ಕೆ ನಾಲ್ಕು ಹನಿ ಸ್ಪಿರಿಟ್, ಅದರ ಮೇಲೆ ಅಯೋಡಿನ್ ದ್ರಾವಣ, ಆಮೇಲೆ ಹನಿಹನಿಯಾಗಿ ಕಾಸ್ಟಿಕ್ ಸೋಡಾ. ಕಂದು ಬಣ್ಣ ಕರಗುತ್ತದೆ. ಬಿಸಿನೀರಲ್ಲಿ ಸ್ವಲ್ಪ ಹೊತ್ತಿಟ್ಟು ಆರಿಸಿದರೆ ತಳದಲ್ಲಿ ತಿಳಿಹಳದಿ ಹರಳು. "ಸಾರ್, ಆಸ್ಪತ್ರೆ ವಾಸನೆ!" ಎನ್ನುತ್ತಾರೆ ಮಕ್ಕಳು. ಆ ಮಾತು ಕೇಳುವಾಗಲೆಲ್ಲ ನನಗೆ ಖುಷಿ.

ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಸೆರುಲಾ ಈ ಅಯೋಡೊಫಾರ್ಮನ್ನು ಮೊದಲು ತಯಾರಿಸಿದ್ದು 1822ರಲ್ಲಿ. ಗಾಯದ ಮದ್ದಾಗಿ ಹೆಸರು ಮಾಡಿದ್ದು 1880ರ ಸುಮಾರಿಗೆ, ವಿಯೆನ್ನಾದ ಶಸ್ತ್ರವೈದ್ಯ ಮೊಸೆಟಿಗ್-ಮೂರ್‌ಹೋಫ್ ಕ್ಷಯದ ಹುಣ್ಣುಗಳಿಗೆ ಹಚ್ಚತೊಡಗಿದ ಮೇಲೆ.

ಇದರ ತೂಕದಲ್ಲಿ ನೂರಕ್ಕೆ ಸುಮಾರು 97 ಪಾಲು ಅಯೋಡಿನ್ನೇ. ಹಾಗಿದ್ದೂ ಈ ಪುಡಿ ನೇರವಾಗಿ ಕ್ರಿಮಿಗಳನ್ನು ಕೊಲ್ಲುವುದು ಬಹಳ ಕಡಿಮೆ. ಟಿಂಚರ್ ಅಯೋಡಿನ್ ಹಚ್ಚಿದರೆ ಕಣ್ಣಲ್ಲಿ ನೀರು ಬರುವಷ್ಟು ಉರಿ. ಅದು ತನ್ನಲ್ಲಿರುವುದನ್ನೆಲ್ಲ ಒಮ್ಮೆಲೇ ಸುರಿಯುತ್ತದೆ. ಅಯೋಡೊಫಾರ್ಮ್ ಹಾಗಲ್ಲ. ಗಾಯದ ರಸ ತಾಗಿದಂತೆ ಚೂರುಚೂರೇ ಒಡೆದು, ದಿನಗಟ್ಟಲೆ ಅಯೋಡಿನ್ ಬಿಟ್ಟುಕೊಡುತ್ತದೆ. ಅದಕ್ಕೇ ಮುಲಾಮು ತಲುಪದ ಆಳದ ಕುಳಿಗಳಲ್ಲಿ ತುಂಬಿಡಲು ಇದು ಒದಗಿತು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಶಸ್ತ್ರವೈದ್ಯ ರದರ್‌ಫೋರ್ಡ್ ಮಾರಿಸನ್ ಇದಕ್ಕೆ ಬಿಸ್ಮತ್ ಎಂಬ ಲೋಹದ ಲವಣ ಮತ್ತು ಪ್ಯಾರಾಫಿನ್ ಬೆರೆಸಿ ಸೈನಿಕರ ಗಾಯಗಳಿಗೆ ಬಳಸಿದರು. ಬಿಪ್ ಎಂದು ಕರೆಯುವ ಆ ಲೇಪವನ್ನು ಕಿವಿ-ಮೂಗು-ಗಂಟಲು ವೈದ್ಯರು ಇಂದಿಗೂ ಬಳಸುವುದುಂಟು.

ಆದರೆ ಇದು ಮನೆಮದ್ದಲ್ಲ. ಹಿಂದೆ ದೊಡ್ಡ ಗಾಯಗಳಿಗೆ ಹಿಡಿಹಿಡಿ ಪುಡಿ ಸುರಿದಾಗ ಅದು ರಕ್ತಕ್ಕೆ ಸೇರಿ, ರೋಗಿಗಳು ಬುದ್ಧಿಭ್ರಮೆಗೊಳಗಾಗಿದ್ದಾರೆ, ಸತ್ತದ್ದೂ ಇದೆ. ಅಯೋಡಿನ್ ಒಗ್ಗದವರು, ಥೈರಾಯ್ಡ್ ತೊಂದರೆ ಇರುವವರು ವೈದ್ಯರಿಗೆ ಮೊದಲೇ ಹೇಳಿಬಿಡಿ. ನೋವು ನಿಂತಿತೆಂದು ಆ ಬಟ್ಟೆಯನ್ನು ಒಳಗೇ ಮರೆಯಬೇಡಿ. ತೆಗೆಸಲು ಬನ್ನಿ ಎಂದ ದಿನ ತಪ್ಪದೆ ಹೋಗಿ.

ನಮಸ್ಕಾರ.